ಪಟ್ಟಣದ ಸಾಲ, ರೈತನ ಸುಂಕ

ಪಟ್ಟಣಗಳ ಅಭಿವೃದ್ಧಿಗೆ ಸರ್ಕಾರ ಕೋಟಿಗಟ್ಟಲೆ ಹಣ ಒದಗಿಸುವ ಸುದ್ದಿ ಬಂದಾಗ, ‘ಅದು ಪೇಟೆಯವರ ಮಾತು, ನಮಗೇನು?’ ಎಂದು ಪುಟ ಮಗುಚುವ ರೈತರೇ ಹೆಚ್ಚು. ಆದರೆ ರೈತನ ತರಕಾರಿ ಇಳಿಯುವುದು ಪಟ್ಟಣದ ಮಾರುಕಟ್ಟೆಯಲ್ಲಿ. ಪಟ್ಟಣದ ಕೊಳಚೆ ನೀರು ಹರಿದು ಸೇರುವುದು ಹಳ್ಳಿಯ ಕೆರೆಗೆ. ಆದ್ದರಿಂದ ಆ ಹಣ ಎಲ್ಲಿಂದ ಬರುತ್ತದೆ, ಅದನ್ನು ಕೊನೆಗೆ ತೀರಿಸುವವರು ಯಾರು ಎಂಬುದನ್ನು ರೈತರೂ ತಿಳಿದಿರುವುದು ಒಳ್ಳೆಯದು.

1979-80ರಲ್ಲಿ ಕೇಂದ್ರ ಸರ್ಕಾರ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಸುತ್ತಲಿನ ಹಳ್ಳಿಗಳಿಗೆ ಪಟ್ಟಣ ಆಸರೆಯಾಗಬೇಕು, ಜನ ಮಹಾನಗರಗಳಿಗೆ ವಲಸೆ ಹೋಗುವುದು ತಗ್ಗಬೇಕು ಎಂಬುದು ಅದರ ಉದ್ದೇಶ. ಮಾರುಕಟ್ಟೆ, ಮಂಡಿಗಳ ನಿರ್ಮಾಣವೂ ಅದರಲ್ಲಿ ಸೇರಿತ್ತು. ಹಣ ಸ್ವಲ್ಪವಾದರೂ ಹಳ್ಳಿಯ ಕಡೆ ದೃಷ್ಟಿ ಇತ್ತು.

2015ರ ಜೂನ್‌ನಲ್ಲಿ ಬಂದ ಸ್ಮಾರ್ಟ್ ಸಿಟಿ ಯೋಜನೆಯ ರೀತಿಯೇ ಬೇರೆ. ದೇಶದ 100 ನಗರಗಳಿಗೆ ತಲಾ 500 ಕೋಟಿ ರೂಪಾಯಿ ಕೇಂದ್ರದ ನೆರವು, ಅಷ್ಟೇ ಮೊತ್ತ ರಾಜ್ಯ ಮತ್ತು ನಗರಾಡಳಿತದ ಪಾಲು ಎಂದು ಗೊತ್ತುಮಾಡಲಾಯಿತು. ನಮ್ಮ ರಾಜ್ಯದಲ್ಲಿ ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ಮಂಗಳೂರು, ತುಮಕೂರು ಮತ್ತು ಬೆಂಗಳೂರು ಆಯ್ಕೆಯಾದವು. ಕೆಲಸ ನಡೆಸಿದ್ದು ಪ್ರತ್ಯೇಕವಾಗಿ ರಚಿಸಿದ ಕಂಪನಿಗಳು. ಹಣದ ಹೆಚ್ಚಿನ ಪಾಲು ನಗರದ ಆಯ್ದ ಒಂದು ಭಾಗಕ್ಕೇ ಮೀಸಲಾಯಿತು. 2025ರ ಮಾರ್ಚ್ 31ಕ್ಕೆ ಈ ಯೋಜನೆ ಮುಗಿಯಿತು.

ಈಗಿನ ಬದಲಾವಣೆ

2025ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ 1 ಲಕ್ಷ ಕೋಟಿ ರೂಪಾಯಿಗಳ ‘ನಗರ ಸವಾಲು ನಿಧಿ’ಯನ್ನು ಪ್ರಕಟಿಸಲಾಯಿತು. ಹಳೆಯ ನಗರಭಾಗಗಳ ಪುನರುಜ್ಜೀವನ, ನೀರು ಮತ್ತು ನೈರ್ಮಲ್ಯ ಇದರ ಉದ್ದೇಶಗಳಲ್ಲಿ ಸೇರಿವೆ. ಆದರೆ ಯೋಜನೆಯ ವೆಚ್ಚದಲ್ಲಿ ಈ ನಿಧಿಯಿಂದ ಸಿಗುವುದು ಹೆಚ್ಚೆಂದರೆ ಶೇಕಡಾ 25. ಕನಿಷ್ಠ ಶೇಕಡಾ 50ರಷ್ಟನ್ನು ಬಾಂಡ್, ಬ್ಯಾಂಕ್ ಸಾಲ ಅಥವಾ ಖಾಸಗಿ ಸಹಭಾಗಿತ್ವದಿಂದ ಹೊಂದಿಸಬೇಕೆಂಬುದು ಷರತ್ತು.

ಒಂದು ಉದಾಹರಣೆ ನೋಡೋಣ. ಪಟ್ಟಣವೊಂದು 100 ಕೋಟಿಯ ಹೊಸ ಮಾರುಕಟ್ಟೆ ಕಟ್ಟುತ್ತದೆ. ಕೇಂದ್ರ 25 ಕೋಟಿ ಕೊಟ್ಟಿತು, ಇನ್ನು 25 ಕೋಟಿಯನ್ನು ರಾಜ್ಯ ಮತ್ತು ನಗರಸಭೆ ಹಾಕಿದವು, 50 ಕೋಟಿ ಸಾಲ ಎನ್ನೋಣ. ಬಡ್ಡಿ ಶೇಕಡಾ 8 ಎಂದಿಟ್ಟುಕೊಂಡರೂ ಮೊದಲ ವರ್ಷದ ಬಡ್ಡಿಯೇ 4 ಕೋಟಿ, ಅಸಲು ಬೇರೆ. ಈ ಹಣ ಮಾರುಕಟ್ಟೆಯಿಂದಲೇ ಹುಟ್ಟಬೇಕಾದರೆ ಮಳಿಗೆ ಬಾಡಿಗೆ, ವಾಹನ ನಿಲುಗಡೆ ಶುಲ್ಕ, ನೆಲಸುಂಕ ಇವೇ ದಾರಿ. ಬಾಡಿಗೆ ಏರಿದರೆ ವ್ಯಾಪಾರಿ ಅದನ್ನು ತನ್ನ ಗಂಟಿನಿಂದ ಕೊಡುವುದಿಲ್ಲ; ರೈತನಿಗೆ ಕೊಡುವ ಬೆಲೆಯಲ್ಲಿ ಮುರಿಯುತ್ತಾನೆ. ಬುಟ್ಟಿ ಹೊತ್ತು ಬಂದು ನೆಲದ ಮೇಲೆ ಕುಳಿತು ಮಾರುವವರಿಗೆ ಹೊಸ ಕಟ್ಟಡದಲ್ಲಿ ಜಾಗವೇ ಇಲ್ಲದಂತಾಗಬಹುದು. ಇನ್ನು ಕೊಳಚೆ ನೀರಿನ ಶುದ್ಧೀಕರಣದಂಥ, ಹಳ್ಳಿಗೆ ನಿಜವಾಗಿ ಬೇಕಾದ ಕೆಲಸದಿಂದ ಆದಾಯ ಕಡಿಮೆ. ಆದಾಯ ನೋಡಿ ಸಾಲ ಕೊಡುವಲ್ಲಿ ಅದು ಹಿಂದೆ ಬೀಳುವ ಅಪಾಯವಿದೆ.

ಸಾಲವೇ ತಪ್ಪೆಂದಲ್ಲ. 1979-80ರ ಯೋಜನೆಯಲ್ಲೂ ಕೇಂದ್ರದ ನೆರವು ಮೊದಲು ಸಾಲದ ರೂಪದಲ್ಲೇ ಇತ್ತು. ಬಡ್ಡಿ ಮಾತ್ರ ಕಡಿಮೆ. ಬೆಳೆಸಾಲ ಮಾಡುವ ರೈತ ಯಾವ ಬೆಳೆಯಿಂದ ತೀರಿಸುವೆನೆಂದು ಮೊದಲೇ ಲೆಕ್ಕ ಹಾಕುತ್ತಾನೆ. ಪಟ್ಟಣವೂ ಹಾಗೆಯೇ ಬಹಿರಂಗವಾಗಿ ಲೆಕ್ಕ ಕೊಡಬೇಕು.

ಕೇಳುವುದು ಎಲ್ಲಿ?

ಇದಕ್ಕೆ ಸಂವಿಧಾನದಲ್ಲೇ ಸ್ಥಳವಿದೆ. 1992ರ 74ನೆಯ ತಿದ್ದುಪಡಿಯಂತೆ ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕು. ನೀರಿನ ಹಂಚಿಕೆಯಂಥ ಹಳ್ಳಿ-ಪಟ್ಟಣಗಳ ಸಮಾನ ಹಿತದ ವಿಷಯಗಳನ್ನು ಗಮನಿಸಿ ಯೋಜನೆ ರೂಪಿಸುವುದು ಅದರ ಕೆಲಸ. ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಾಗದಷ್ಟು ಜನ ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆಗಳ ಚುನಾಯಿತರಿಂದ, ಗ್ರಾಮ-ನಗರ ಜನಸಂಖ್ಯೆಯ ಪ್ರಮಾಣದಲ್ಲಿ ಬರಬೇಕು. ಆದರೆ 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ ಪಂಚಾಯಿತಿಗಳಿಗೆ ಮುಂದೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಹಳ್ಳಿಯ ಪರ ಮಾತನಾಡಬೇಕಾದ ಪೀಠಗಳು ಖಾಲಿ ಉಳಿದವು.

ಆದರೂ ಗ್ರಾಮ ಪಂಚಾಯಿತಿ ನಿರ್ಣಯ ಮಾಡಿ ನಗರಸಭೆಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಬಹುದು. ಯೋಜನಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆಯಬಹುದು. ಕೇಳಬೇಕಾದ ಪ್ರಶ್ನೆಗಳು ಮೂರು: ಸಾಲ ಎಷ್ಟು, ಅದನ್ನು ಯಾವ ಶುಲ್ಕದಿಂದ ತೀರಿಸುತ್ತೀರಿ, ನೆಲದ ಮೇಲೆ ಮಾರುವ ರೈತನಿಗೆ ಜಾಗ ಎಲ್ಲಿ? ಅಡಿಗಲ್ಲು ಹಾಕುವ ಮೊದಲೇ ಇದನ್ನು ಕೇಳಬೇಕು. ಕಟ್ಟಡ ಎದ್ದ ಮೇಲೆ ರೈತನ ಕೈಗೆ ಬರುವುದು ಸುಂಕದ ಚೀಟಿ ಮಾತ್ರ.