ಆಲ್ಟರ್ನೇಟರ್‌ಗೆ ಎಣ್ಣೆ ಇಳಿದರೆ

ಮಲ್ಲಂದೂರು ಸುತ್ತಿನ ಕಾಫಿ ತೋಟಗಳಲ್ಲಿ ಜೀಪು ಅಥವಾ ಪಿಕಪ್ ಇಲ್ಲದೆ ದಿನ ಸಾಗುವುದಿಲ್ಲ. ಕೊಯ್ಲಿನ ಕಾಲದಲ್ಲಿ ಕಾರ್ಮಿಕರನ್ನು ಕರೆತರಲು, ಹಣ್ಣಿನ ಚೀಲಗಳನ್ನು ಪಲ್ಪರ್ ಹತ್ತಿರ ಸಾಗಿಸಲು, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಚಿಕ್ಕಮಗಳೂರಿನ ಆಸ್ಪತ್ರೆಗೆ ಹೊರಡಲು ಅದೇ ವಾಹನ ಬೇಕು. ಇಂಥ ವಾಹನಗಳು ಹಳೆಯವಾಗುತ್ತಾ ಬಂದಂತೆ ಒಂದು ತೊಂದರೆ ಕಾಡತೊಡಗುತ್ತದೆ. ಮೀಟರಿನ ಪಕ್ಕದ ಬ್ಯಾಟರಿ ಗುರುತಿನ ಕೆಂಪು ದೀಪ ಮಿಣುಕುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ, ಹೊಸ ಬ್ಯಾಟರಿ ಹಾಕಿಸಿದರೂ ಕೆಲವೇ ದಿನಗಳಲ್ಲಿ ಸೆಲ್ಫ್ ತಿರುಗುವುದಿಲ್ಲ. ಬಾನೆಟ್ ಎತ್ತಿ ನೋಡಿದರೆ ಆಲ್ಟರ್ನೇಟರ್ ಮೈತುಂಬ ಕಪ್ಪು ಜಿಡ್ಡು ಮೆತ್ತಿಕೊಂಡಿರುತ್ತದೆ.

ಆಲ್ಟರ್ನೇಟರ್ ಎಂದರೆ ವಾಹನದೊಳಗಿನ ವಿದ್ಯುತ್ ಉತ್ಪಾದಕ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿನಲ್ಲಿ ಇದನ್ನು ಅಳವಡಿಸಿತು. ಆ ದಶಕದಲ್ಲಿ ಇದು ಹಳೆಯ ಡೈನಮೊಗಳ ಜಾಗವನ್ನು ಹಿಡಿಯಿತು. ನಮ್ಮ ಗ್ಯಾರೇಜುಗಳಲ್ಲಿ ಈಗಲೂ ಹಲವರು ಡೈನಮೊ ಎಂದೇ ಕರೆಯುವುದು ಇದನ್ನೇ. ಎಂಜಿನ್ನಿನ ಬೆಲ್ಟ್ ಇದನ್ನು ತಿರುಗಿಸುತ್ತದೆ. ಇದರ ಪುಲ್ಲಿ ಚಿಕ್ಕದಾದ್ದರಿಂದ ಎಂಜಿನ್ ಒಂದು ಸುತ್ತು ಸುತ್ತುವಷ್ಟರಲ್ಲಿ ಇದು ಎರಡರಿಂದ ಮೂರು ಸುತ್ತು ಸುತ್ತಿರುತ್ತದೆ. ನಡುವೆ ತಿರುಗುವ ಆಯಸ್ಕಾಂತದಂಥ ಭಾಗ ರೋಟರ್, ಅದರ ಸುತ್ತ ಅಲುಗದೆ ಕೂತ ತಾಮ್ರದ ತಂತಿಸುರುಳಿ ಸ್ಟೇಟರ್. ರೋಟರ್‌ಗೆ ಆಯಸ್ಕಾಂತದ ಗುಣ ಬರಬೇಕಾದರೆ ಅದಕ್ಕೆ ಸ್ವಲ್ಪ ವಿದ್ಯುತ್ ಉಣಿಸಬೇಕು. ಆ ಕೆಲಸ ಎರಡು ಪುಟ್ಟ ಕಾರ್ಬನ್ ಬ್ರಷ್‌ಗಳದ್ದು. ಸ್ಪ್ರಿಂಗಿನ ಒತ್ತಡದಲ್ಲಿ ಅವು ರೋಟರ್‌ನ ತುದಿಯಲ್ಲಿರುವ ಎರಡು ಲೋಹದ ಬಳೆಗಳಿಗೆ ಸದಾ ಉಜ್ಜಿಕೊಂಡಿರುತ್ತವೆ. ಹುಟ್ಟಿದ ವಿದ್ಯುತ್ತನ್ನು ಡಯೋಡ್‌ಗಳು ಒಂದೇ ದಿಕ್ಕಿಗೆ ತಿರುಗಿಸಿ ಬ್ಯಾಟರಿಗೆ ಕಳಿಸುತ್ತವೆ.

ಇಷ್ಟೆಲ್ಲ ನಡೆಯುವಾಗ ಶಾಖವೂ ಹುಟ್ಟುತ್ತದೆ. ಅದನ್ನು ಹೊರಹಾಕಲು ಆಲ್ಟರ್ನೇಟರ್‌ಗೆ ತನ್ನದೇ ಫ್ಯಾನ್ ಉಂಟು. ಕಿಂಡಿಗಳ ಮೂಲಕ ಅದು ಗಾಳಿಯನ್ನು ಒಳಗೆಳೆಯುತ್ತದೆ. ತೊಂದರೆಯ ಮೂಲ ಇಲ್ಲಿದೆ. ಆಲ್ಟರ್ನೇಟರನ್ನು ಪೂರ್ತಿ ಮುಚ್ಚಿಡುವಂತಿಲ್ಲ, ತೆರೆದಿಟ್ಟರೆ ಹತ್ತಿರದಲ್ಲಿ ಸೋರಿದ್ದೆಲ್ಲ ಗಾಳಿಯ ಜೊತೆ ಒಳಗೆ ಸೇರುತ್ತದೆ. ಎಂಜಿನ್ ಆಯಿಲ್ ಬ್ರಷ್‌ಗಳ ಕಾರ್ಬನ್ ಪುಡಿಯೊಂದಿಗೆ ಬೆರೆತು ಅಂಟಾಗುತ್ತದೆ. ಆಗ ಬ್ರಷ್‌ಗಳು ತಮ್ಮ ಗೂಡಿನಲ್ಲಿ ಸಿಕ್ಕಿಕೊಂಡು ಬಳೆಯನ್ನು ಸರಿಯಾಗಿ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ತೋಟದ ಮಣ್ಣುರಸ್ತೆಯ ಧೂಳು ಈ ಅಂಟಿನ ಮೇಲೆ ಕೂತರೆ ಗಾಳಿಯ ಕಿಂಡಿಗಳು ಕಟ್ಟಿಕೊಳ್ಳುತ್ತವೆ. ಗಾಳಿ ಆಡದೆ ಡಯೋಡ್‌ಗಳು ಕಾದು ಸುಡುತ್ತವೆ. ಎಣ್ಣೆ ಬೆಲ್ಟ್‌ಗೆ ತಾಗಿದರೆ ಅದು ಜಾರುತ್ತದೆ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಹಲವು ಹಳೆಯ ಎಂಜಿನ್‌ಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವುದರಿಂದ, ಬೆಲ್ಟ್ ಜಾರಿದರೆ ಎಂಜಿನ್ ಕೂಡ ಕಾದುಹೋಗಬಹುದು.

ಸೋರಿದ್ದು ಯಾವ ದ್ರವ ಎಂದು ಮೊದಲು ಗುರುತಿಸಬೇಕು. ಕಪ್ಪಗೆ ಜಿಗುಟಾಗಿದ್ದರೆ ಎಂಜಿನ್ ಆಯಿಲ್. ಅದು ಸಾಮಾನ್ಯವಾಗಿ ಎಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರ್‌ನ ಪ್ಯಾಕಿಂಗ್ ಸವೆದು ಕೆಳಗೆ ಇಳಿದಿರುತ್ತದೆ. ತೆಳುವಾಗಿ ಕೆಂಪಗಿದ್ದರೆ ಪವರ್ ಸ್ಟೀರಿಂಗ್ ಆಯಿಲ್ ಇರಬಹುದು. ಹಸಿರು ಅಥವಾ ಗುಲಾಬಿ ಬಣ್ಣದ ನೀರಾಗಿ, ಒಣಗಿದ ಮೇಲೆ ಪುಡಿಪುಡಿ ಕಲೆ ಉಳಿಸಿದ್ದರೆ ರೇಡಿಯೇಟರ್‌ನ ಕೂಲೆಂಟ್. ಇದು ವಿದ್ಯುತ್ತನ್ನು ಹರಿಯಗೊಡುತ್ತದೆ, ಲೋಹವನ್ನೂ ತಿನ್ನುತ್ತದೆ. ಹಾಗಾಗಿ ಎಣ್ಣೆಗಿಂತ ಬೇಗ ಹಾನಿ ಮಾಡಬಲ್ಲದು. ಡೀಸೆಲನ್ನು ವಾಸನೆಯೇ ಹೇಳುತ್ತದೆ. ಅದು ಬೇರಿಂಗ್‌ನ ಗ್ರೀಸನ್ನು ಕರಗಿಸುತ್ತದೆ, ಕಾದ ಎಂಜಿನ್ನಿನ ಬಳಿ ಬೆಂಕಿಯ ಭಯವೂ ಇದೆ. ಡೀಸೆಲ್ ಸೋರುವ ವಾಹನವನ್ನು ಸರಿಪಡಿಸದೆ ಓಡಿಸಲೇಬಾರದು.

ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸೋರಿಕೆ ಇದೆ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಎಳೆದುಕೊಳ್ಳುವಾಗ ತಾನೇ ನಿರ್ವಾತವನ್ನು, ಅಂದರೆ ಗಾಳಿ ಹೀರುವ ಸೆಳೆತವನ್ನು, ಉಂಟುಮಾಡುತ್ತದೆ. ನಾವು ಬ್ರೇಕ್ ಒತ್ತಿದಾಗ ಕಾಲಿನ ಬಲಕ್ಕೆ ಬಲ ಸೇರಿಸುವ ಬೂಸ್ಟರ್ ಕೆಲಸ ಮಾಡುವುದು ಈ ಸೆಳೆತದಿಂದ. ಡೀಸೆಲ್ ಎಂಜಿನ್ನಿನಲ್ಲಿ ಇಂಥ ಸೆಳೆತ ಸಾಕಷ್ಟು ಹುಟ್ಟುವುದಿಲ್ಲ. ಅದಕ್ಕೆ ಬೇರೆ ವ್ಯಾಕ್ಯೂಮ್ ಪಂಪ್ ಬೇಕು. ನಮ್ಮಲ್ಲಿ ಓಡುವ ಅನೇಕ ಹಳೆಯ ಡೀಸೆಲ್ ಜೀಪು, ಪಿಕಪ್‌ಗಳಲ್ಲಿ ಆ ಪಂಪನ್ನು ಆಲ್ಟರ್ನೇಟರ್‌ನ ಬೆನ್ನಿಗೇ ಜೋಡಿಸಿರುತ್ತಾರೆ. ಎರಡಕ್ಕೂ ಒಂದೇ ಶಾಫ್ಟ್. ಪಂಪ್ ಸವೆಯದಿರಲೆಂದು ಒಂದು ಪೈಪಿನಲ್ಲಿ ಎಂಜಿನ್ ಆಯಿಲ್ ಬರುತ್ತದೆ, ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ಆ ಎಣ್ಣೆಗೂ ಆಲ್ಟರ್ನೇಟರ್‌ಗೂ ನಡುವೆ ಇರುವುದು ಒಂದು ರಬ್ಬರ್ ಸೀಲ್ ಮಾತ್ರ. ವರ್ಷಗಟ್ಟಲೆ ಶಾಖ ತಿಂದು ಆ ಸೀಲ್ ಗಡುಸಾದರೆ, ಇಲ್ಲವೇ ವಾಪಸ್ ಹೋಗುವ ಪೈಪ್ ಕಟ್ಟಿಕೊಂಡರೆ, ಎಣ್ಣೆ ನೇರವಾಗಿ ಒಳಕ್ಕೆ ಇಳಿಯುತ್ತದೆ. ಹೊರಗಡೆ ಅಷ್ಟೇನೂ ಜಿಡ್ಡಿಲ್ಲದೆ ಒಳಗೆಲ್ಲ ಎಣ್ಣೆ ತುಂಬಿದ್ದರೆ ಅನುಮಾನ ಈ ಸೀಲ್ ಮೇಲೆ ಹೋಗಬೇಕು. ಬ್ರೇಕ್ ಪೆಡಲ್ ಮೊದಲಿಗಿಂತ ಗಟ್ಟಿಯಾಗಿದೆ ಎನಿಸಿದರೆ ಪಂಪನ್ನೂ ಅದರ ಪೈಪುಗಳನ್ನೂ ಅಂದೇ ತೋರಿಸಬೇಕು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇನ್ನು ಸ್ವಚ್ಛಗೊಳಿಸುವ ವಿಷಯ. ಸೋರಿಕೆ ನಿಲ್ಲಿಸದೆ ತೊಳೆಯುವುದು ವ್ಯರ್ಥ. ಅದು ನಿಂತ ಮೇಲೆ, ಎಂಜಿನ್ ತಣ್ಣಗಾದಾಗ, ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕು. ಆಲ್ಟರ್ನೇಟರ್‌ಗೆ ಬರುವ ದಪ್ಪ ವೈರಿನಲ್ಲಿ ಸದಾ ಕರೆಂಟ್ ಇರುತ್ತದೆ. ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ. ಜಿಡ್ಡು ಹೊರಮೈಯಲ್ಲಷ್ಟೇ ಇದ್ದರೆ ಮೆತ್ತನೆಯ ಬ್ರಷ್, ಬಟ್ಟೆ, ಎಲೆಕ್ಟ್ರಿಕಲ್ ಭಾಗಗಳಿಗೆಂದೇ ಸಿಗುವ ಕ್ಲೀನರ್ ಸ್ಪ್ರೇ ಸಾಕು. ಪೆಟ್ರೋಲ್ ಬೇಡವೇ ಬೇಡ. ಅದರ ಆವಿ ಕಿಂಡಿಯೊಳಗೆ ನಿಂತಿದ್ದರೆ ಸ್ಟಾರ್ಟ್ ಮಾಡಿದಾಗ ಬೆಂಕಿ ಹತ್ತಲು ಕಾರ್ಬನ್ ಬ್ರಷ್‌ನ ಒಂದು ಕಿಡಿ ಸಾಕು. ಸೀಮೆಎಣ್ಣೆ, ಡೀಸೆಲ್ ಮತ್ತೆ ಜಿಡ್ಡನ್ನೇ ಉಳಿಸುತ್ತವೆ. ಥಿನ್ನರ್ ತಾಮ್ರದ ತಂತಿಯ ಮೇಲಿನ ರಕ್ಷಣೆಯ ಲೇಪವನ್ನು ಮೆತ್ತಗಾಗಿಸಬಹುದು. ಯಾವ ಸ್ಪ್ರೇ ಆದರೂ ಬೇರಿಂಗ್ ಕಡೆಗೆ ಹೊಡೆಯಬಾರದು, ಗ್ರೀಸ್ ತೊಳೆದುಹೋಗುತ್ತದೆ. ವಾಟರ್ ವಾಶ್‌ಗೆ ಬಿಟ್ಟಾಗಲೂ ಆಲ್ಟರ್ನೇಟರ್ ಮೇಲೆ ಜೋರಾಗಿ ನೀರು ಹಾಯಿಸಬೇಡಿ ಎಂದು ಮೊದಲೇ ಹೇಳುವುದು ಒಳ್ಳೆಯದು.

ಒಳಗೇ ಎಣ್ಣೆ ಸೇರಿದ್ದರೆ ಆಲ್ಟರ್ನೇಟರ್ ಬಿಚ್ಚಲೇಬೇಕು. ಇದು ಅನುಭವಿ ಆಟೋ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ಎಣ್ಣೆ ಹೀರಿದ ಕಾರ್ಬನ್ ಬ್ರಷ್‌ಗಳನ್ನು ತೊಳೆದು ಮತ್ತೆ ಹಾಕಬಾರದು. ಕಾರ್ಬನ್‌ನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು, ಹೀರಿದ ಎಣ್ಣೆ ಪೂರ್ತಿ ಹೊರಬರುವುದಿಲ್ಲ. ಲೋಹದ ಬಳೆಗಳನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ ಪುಡಿಯನ್ನು ಊದಿ ತೆಗೆಯಬೇಕು. ಬಿಚ್ಚಿದ್ದಾಗಲೇ ಬೇರಿಂಗ್, ವ್ಯಾಕ್ಯೂಮ್ ಪಂಪಿನ ಸೀಲ್ ಬದಲಿಸಿದರೆ ಇನ್ನೊಮ್ಮೆ ಬಿಚ್ಚುವ ಕೂಲಿ ಉಳಿಯುತ್ತದೆ. ಎಣ್ಣೆ ತಾಗಿ ಉಬ್ಬಿದ ಬೆಲ್ಟನ್ನೂ ಬದಲಿಸಬೇಕು.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಮಲ್ಟಿಮೀಟರ್ ಸಾಕು. ಎಂಜಿನ್ ನಿಂತಿದ್ದಾಗ ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ಒಳಗಿರಬೇಕು, ಹೆಡ್‌ಲೈಟ್, ವೈಪರ್ ಹಾಕಿದಾಗಲೂ 13ಕ್ಕಿಂತ ಕೆಳಗೆ ಇಳಿಯಬಾರದು. ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಕಿತ್ತು, ಎಂಜಿನ್ ನಿಲ್ಲದಿದ್ದರೆ ಚಾರ್ಜಿಂಗ್ ಸರಿಯಿದೆ ಎನ್ನುವ ಹಳೆಯ ಪರೀಕ್ಷೆಗೆ ಮಾತ್ರ ಒಪ್ಪಬೇಡಿ. ಆ ಕ್ಷಣ ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡ್‌ಗಳನ್ನೂ ಹೊಸ ವಾಹನಗಳ ಕಂಪ್ಯೂಟರನ್ನೂ ಸುಡಬಲ್ಲದು.

ಆಲ್ಟರ್ನೇಟರ್ ಕೆಟ್ಟರೆ ಬ್ಯಾಟರಿಯೊಂದರಲ್ಲೇ ಮನೆ ಸೇರಬಹುದಲ್ಲ ಎಂದು ಕೇಳುವವರಿದ್ದಾರೆ. ಎರಡು 55 ವಾಟ್ ಹೆಡ್‌ಲೈಟ್‌ಗಳೇ ಸುಮಾರು 9 ಆಂಪಿಯರ್ ಎಳೆಯುತ್ತವೆ. ಜುಲೈ ಮಳೆಯಲ್ಲಿ ಮಂಜು ಕವಿದ ಸಂಜೆ ವೈಪರ್ ಮತ್ತು ಬ್ಲೋವರ್ ನಿಲ್ಲಿಸುವಂತಿಲ್ಲ. ಹಳೆಯ ಬ್ಯಾಟರಿಯಾದರೆ ದೀಪ ಬಹಳ ಹೊತ್ತು ಬಾಳುವುದಿಲ್ಲ. ಹೊಸ ಕಾಮನ್ ರೈಲ್ ಡೀಸೆಲ್ ಎಂಜಿನ್‌ಗಳಂತೂ ವೋಲ್ಟೇಜ್ ಕುಸಿದರೆ ನಿಂತೇಬಿಡುತ್ತವೆ, ಅದೂ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗದ ರಸ್ತೆಯಲ್ಲಿ.

ಎಣ್ಣೆಯಾದ ಆಲ್ಟರ್ನೇಟರನ್ನು ಕಂಡ ಕೂಡಲೇ ಹೊಸದು ತರಿಸುವ ಅಗತ್ಯ ಎಲ್ಲ ಸಲವೂ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸೋರುವ ಪ್ಯಾಕಿಂಗ್‌ನ ಕೆಳಗೆ ಹೊಸದನ್ನು ಕೂರಿಸಿದರೆ ಅದಕ್ಕೂ ಅದೇ ಗತಿ. ಗ್ಯಾರೇಜಿನಲ್ಲಿ ದುಡ್ಡು ಕೊಡುವ ಮೊದಲು ಎಣ್ಣೆ ಬಂದದ್ದು ಎಲ್ಲಿಂದ ಎಂದು ಕೇಳಿ, ಆ ಜಾಗವನ್ನು ತೋರಿಸಲು ಹೇಳಿ. ಈ ರಿಪೇರಿಯನ್ನು ಮೇ ತಿಂಗಳಲ್ಲೇ, ಮುಂಗಾರು ಹಿಡಿಯುವ ಮೊದಲು ಮಾಡಿಸಿಕೊಳ್ಳಿ.