ಮೊದಲು ಗಂಡನ ಪರೀಕ್ಷೆಯಾಗಲಿ

'ಬಂಜೆ' ಎಂಬ ಪದಕ್ಕೆ ನಮ್ಮ ಆಡುಮಾತಿನಲ್ಲಿ ಪುಲ್ಲಿಂಗವೇ ಇಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಾಗದಿದ್ದರೆ ಅಶ್ವತ್ಥಕಟ್ಟೆ ಸುತ್ತುವವಳು, ವ್ರತ ಹಿಡಿಯುವವಳು, ಒಂದಾದ ಮೇಲೊಂದು ಪರೀಕ್ಷೆಗೆ ಒಳಗಾಗುವವಳು ಹೆಂಡತಿಯೇ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡನ ದೋಷವೇ ಕಾರಣ, ಇಲ್ಲವೇ ಅದೂ ಒಂದು ಕಾರಣ.

'ನನಗೇನೂ ತೊಂದರೆಯಿಲ್ಲ' ಎನ್ನುವ ಗಂಡಸರು ಒಂದು ವಿಷಯ ತಿಳಿಯಬೇಕು. ಲೈಂಗಿಕ ಶಕ್ತಿಯೇ ಬೇರೆ, ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆಯೇ ಬೇರೆ. ಎರಡನೆಯದು ಸೂಕ್ಷ್ಮದರ್ಶಕಕ್ಕೆ ಮಾತ್ರ ಗೊತ್ತು.

ಯಾರು ಎಚ್ಚರ ವಹಿಸಬೇಕು? ವೀರ್ಯಾಣು ತಯಾರಾಗಲು ದೇಹದ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖ ಬೇಕು. ಆದ್ದರಿಂದಲೇ ವೃಷಣಗಳು ಹೊಟ್ಟೆಯ ಹೊರಗಿವೆ. ಬೇಕರಿಯ ಒಲೆ, ಎರಕದ ಕುಲುಮೆಯ ಮುಂದೆ ದಿನವಿಡೀ ದುಡಿಯುವವರಿಗೆ ಇದು ತೊಡಕಾಗಬಹುದು. ವೃಷಣದ ರಕ್ತನಾಳಗಳು ಉಬ್ಬುವ 'ವೆರಿಕೋಸೀಲ್', ಬಾಲ್ಯದಲ್ಲಿ ಕೆಳಗಿಳಿಯದ ವೃಷಣ, ಪ್ರಾಯಕ್ಕೆ ಬಂದ ಮೇಲೆ ತಗಲಿದ ಮಂಗನಬಾವು, ಲೈಂಗಿಕ ರೋಗಗಳು, ಸಕ್ಕರೆ ಕಾಯಿಲೆ, ಬೊಜ್ಜು ಇವೂ ಕಾರಣಗಳೇ. ಬೀಡಿ ಸಿಗರೇಟು, ಅತಿಯಾದ ಕುಡಿತದ ಹಾನಿಯನ್ನು ಬೇರೆ ಹೇಳಬೇಕಿಲ್ಲ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಬಿಸಿಪಿ ಎಂಬ ಕೀಟನಾಶಕ ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಹಲವರ ವೀರ್ಯಾಣುಗಳು ನಶಿಸಿದ್ದು ಬೆಳಕಿಗೆ ಬಂತು. ಔಷಧಿ ಸಿಂಪಡಿಸುವ ರೈತರು ಮುಖವಸ್ತ್ರ, ಕೈಗವಸು ಮರೆಯಬಾರದು.

ಈಗಿನ ಯುವಕರಿಗೆ ಇನ್ನೊಂದು ಎಚ್ಚರಿಕೆ. ಮೈಕಟ್ಟು ಬೆಳೆಸಲೆಂದು ಟೆಸ್ಟೋಸ್ಟೆರೋನ್ ಚುಚ್ಚುಮದ್ದು ತೆಗೆದುಕೊಂಡರೆ, ಹೊರಗಿನಿಂದ ಬಂದ ಹಾರ್ಮೋನು ಸಾಕೆಂದು ಮೆದುಳು ವೃಷಣಗಳಿಗೆ ಆಜ್ಞೆ ಕೊಡುವುದನ್ನೇ ನಿಲ್ಲಿಸುತ್ತದೆ. ತೋಳು ದಪ್ಪವಾಗುತ್ತದೆ, ವೀರ್ಯಾಣುಗಳು ಸೊನ್ನೆಗಿಳಿಯಬಹುದು.

ವೀರ್ಯ ಪರೀಕ್ಷೆಗೆ ನೋವಿಲ್ಲ, ಖರ್ಚೂ ಹೆಚ್ಚಿಲ್ಲ. ಎರಡರಿಂದ ಏಳು ದಿನ ಸಂಯಮವಿದ್ದು, ಮಾದರಿಯನ್ನು ಒಂದು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿದರಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣುಗಳು ಕೆಳಗಿನ ಮಿತಿ. ಅದಕ್ಕಿಂತ ಕಡಿಮೆಯಾದರೆ ಮಕ್ಕಳೇ ಆಗುವುದಿಲ್ಲ ಎಂದಲ್ಲ. ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳಷ್ಟು ಬೇಕು. ಎರಡು ತಿಂಗಳ ಹಿಂದಿನ ಜ್ವರವೂ ಇಂದಿನ ವರದಿಯಲ್ಲಿ ಕಾಣಬಹುದು. ಹಾಗಾಗಿ ಒಂದೇ ವರದಿಗೆ ಎದೆಗುಂದದೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ. ಸಿಗರೇಟು ಬಿಟ್ಟವರೂ ಮೂರು ತಿಂಗಳು ತಾಳ್ಮೆಯಿಂದಿರಬೇಕು.

ಒಂದು ವರ್ಷ ಒಟ್ಟಿಗಿದ್ದೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಲ್ಲಿ, ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಿ. ಗಂಡ ಸಂಕೋಚದಿಂದ ಕಳೆಯುವ ಪ್ರತಿ ವರ್ಷವೂ ಹೆಂಡತಿಯ ವಯಸ್ಸಿಗೆ ಸೇರುತ್ತದೆ, ಅವಳು ತಾಯಾಗುವ ಸಾಧ್ಯತೆಯನ್ನು ಕುಗ್ಗಿಸುತ್ತದೆ. ಅವಳ ಹೊಟ್ಟೆಗೆ ದುರ್ಬೀನು ಇಳಿಸುವ ಮೊದಲು ಈ ಸುಲಭದ ಪರೀಕ್ಷೆ ಮುಗಿದಿರಲಿ. ಮನೆಯ ಹಿರಿಯರೂ ಸೊಸೆಯನ್ನು ದೂರುವ ಮುನ್ನ ಮಗನಿಗೆ ಈ ಮಾತು ಹೇಳಲಿ.