ತಲೆ ಎಣಿಸುವ ನ್ಯಾಯ



ಈಗ ವಕೀಲನಾಗಿರುವ ನನ್ನ ಶಿಷ್ಯನೊಬ್ಬ ಆಕ್ಷೇಪಣೆಯ ಪತ್ರವೊಂದನ್ನು ಬರೆದಿದ್ದಾನೆ. “ಸುಪ್ರೀಂ ಕೋರ್ಟು ತಾನು ಬರೆದುದನ್ನು ತಾನೇ ಅಳಿಸುತ್ತ ಹೋದರೆ ಜನ ಯಾವುದನ್ನು ನಂಬಬೇಕು ಸಾರ್? ಪೂರ್ವನಿದರ್ಶನವೇ ನ್ಯಾಯದ ಬೆನ್ನೆಲುಬಲ್ಲವೇ?” ಎಂಬುದು ಅವನ ಪ್ರಶ್ನೆ. ಉತ್ತರ ಅವನೊಬ್ಬನಿಗೆ ಮಾತ್ರ ಸಲ್ಲುವಂಥದ್ದಲ್ಲವಾದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ.

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಬೀದರಿನವನಿಗೊಂದು ನ್ಯಾಯ, ಚಾಮರಾಜನಗರದವನಿಗೊಂದು ನ್ಯಾಯ ಆಗಬಾರದು. ಸುಪ್ರೀಂ ಕೋರ್ಟು ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಬದ್ಧವೆಂದು ಸಂವಿಧಾನದ 141ನೆಯ ವಿಧಿ ಹೇಳುವುದು ಇದಕ್ಕಾಗಿಯೇ. ಕೆಳಗಿನ ನ್ಯಾಯಾಲಯಗಳು ಇದನ್ನು ಚಾಚೂ ತಪ್ಪದೆ ಪಾಲಿಸಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸುಪ್ರೀಂ ಕೋರ್ಟು ತನ್ನ ಹಳೆಯ ತೀರ್ಪಿಗೆ ತಾನೇ ಕಟ್ಟುಬಿದ್ದಿಲ್ಲ. 1955ರಷ್ಟು ಹಿಂದೆಯೇ, ಬೆಂಗಾಲ್ ಇಮ್ಯೂನಿಟಿ ಮೊಕದ್ದಮೆಯಲ್ಲಿ, ಅದು ಹಾಗೆಂದು ಸಾರಿದೆ.

ನನ್ನ ತಕರಾರು ಬೇರೆಯದು. ನಮ್ಮಲ್ಲಿ ಪೂರ್ವನಿದರ್ಶನದ ತೂಕವನ್ನು ಅದರ ತರ್ಕದಿಂದ ಅಳೆಯುವ ಬದಲು ಎಷ್ಟು ಮಂದಿ ನ್ಯಾಯಮೂರ್ತಿಗಳು ಸಹಿ ಹಾಕಿದ್ದರೆಂಬ ಲೆಕ್ಕದಿಂದ ಅಳೆಯುವ ಪರಿಪಾಠ ಬೆಳೆದಿದೆ. ಇದರ ಬೆಲೆ ಎಷ್ಟೆಂಬುದಕ್ಕೆ ಖಾಸಗಿತನದ ಹಕ್ಕಿನ ಕಥೆಯನ್ನೇ ನೋಡಿ.

1954ರಲ್ಲಿ ಎಂ.ಪಿ. ಶರ್ಮಾ ಮೊಕದ್ದಮೆ ಎಂಟು ನ್ಯಾಯಮೂರ್ತಿಗಳ ಮುಂದೆ ಬಂತು. ಅಲ್ಲಿದ್ದ ಪ್ರಶ್ನೆ ದಾಲ್ಮಿಯಾ ಸಮೂಹದ ಕಂಪೆನಿಗಳ ಮೇಲೆ ನಡೆದ ಶೋಧವನ್ನು ಕುರಿತದ್ದು; ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿಯಾಗಿಸಿದಂತೆ ಆಗುತ್ತದೆಯೇ ಎಂಬುದು. ನಡುವೆ, ಖಾಸಗಿತನದ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲವೆಂಬ ಅರ್ಥದ ಮಾತೊಂದು ಹಾದುಹೋಯಿತು. ಅಷ್ಟೆ. ಅದರ ಮೇಲೆ ವಿಸ್ತಾರವಾದ ಚರ್ಚೆ ನಡೆದಿರಲಿಲ್ಲ. 1962ರಲ್ಲಿ ಖರಕ್ ಸಿಂಗ್ ಮೊಕದ್ದಮೆ. ಸಾಕ್ಷ್ಯವಿಲ್ಲದೆ ಬಿಡುಗಡೆಯಾದವನ ಮನೆಯ ಬಾಗಿಲನ್ನು ಉತ್ತರ ಪ್ರದೇಶದ ಪೊಲೀಸರು ರಾತ್ರಿಹೊತ್ತು ಬಂದು ಬಡಿಯುತ್ತಿದ್ದರು. ಆರು ಮಂದಿಯ ಪೀಠ ಆ ರಾತ್ರಿಯ ಭೇಟಿಯನ್ನೇನೋ ರದ್ದುಮಾಡಿತು. ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲವೆಂದು ಬಹುಮತ ಹೇಳಿತು. ನಡುರಾತ್ರಿ ಬಾಗಿಲು ಬಡಿಯುವುದು ತಪ್ಪು, ಆದರೆ ಬಾಗಿಲೊಳಗಿನ ಬದುಕಿಗೆ ಹಕ್ಕಿಲ್ಲ! ನನ್ನ ತರಗತಿಯಲ್ಲಿ ಯಾರಾದರೂ ಹೀಗೆ ಉತ್ತರಿಸಿದ್ದರೆ ಮುಂದಿನ ಸಾಲು ಎಲ್ಲಿ ಎಂದು ಕೇಳುತ್ತಿದ್ದೆ.

ಮುಂದಿನ ದಶಕಗಳಲ್ಲಿ ಚಿಕ್ಕ ಪೀಠಗಳು ಖಾಸಗಿತನವನ್ನು ಒಂದೊಂದಾಗಿ ಒಪ್ಪುತ್ತ ಬಂದವು. ಆದರೆ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದ ಮೇಲೆ ಸರ್ಕಾರ ಹೂಡಿದ ವಾದವೇನು? ಎಂಟು ಮಂದಿ ಇಲ್ಲವೆಂದಿದ್ದಾರೆ, ಆರು ಮಂದಿ ಇಲ್ಲವೆಂದಿದ್ದಾರೆ, ಚಿಕ್ಕ ಪೀಠಗಳು ಹೇಳಿದ್ದು ನಿಲ್ಲದು ಎಂಬುದು. 2015ರಲ್ಲಿ ಮೂವರ ಪೀಠ ಪ್ರಶ್ನೆಯನ್ನು ಮೇಲಕ್ಕೆ ಒಪ್ಪಿಸಿತು. ಎರಡು ವರ್ಷದ ಬಳಿಕ ಐವರು ಕುಳಿತರು. ಎಂಟಕ್ಕಿಂತ ಐದು ಕಡಿಮೆಯೆಂದು ಒಂಬತ್ತು ಮಂದಿಯ ಮುಂದಿಟ್ಟರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದರು. ಅರ್ಜಿ ಹಾಕುವಾಗಲೇ ಪುಟ್ಟಸ್ವಾಮಿಯವರು ಎಂಬತ್ತು ದಾಟಿದ್ದರು. ಹಾದುಹೋದ ಮಾತೊಂದು ಅರವತ್ತಮೂರು ವರ್ಷ ದಾರಿಗಡ್ಡವಾಗಿ ನಿಂತದ್ದು ಸಹಿಗಳ ಸಂಖ್ಯೆಯ ಬಲದಿಂದಲ್ಲದೆ ಇನ್ನಾವ ಬಲದಿಂದ?

ಅದೇ ತೀರ್ಪು ಇನ್ನೊಂದು ಹಳೆಯ ಲೆಕ್ಕವನ್ನೂ ತೀರಿಸಿತು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾದವರ ಅರ್ಜಿಯನ್ನು ಕೇಳಬಹುದೆಂದು ಕರ್ನಾಟಕದ್ದೂ ಸೇರಿ ಒಂಬತ್ತು ಹೈಕೋರ್ಟುಗಳು ಹೇಳಿದ್ದವು. 1976ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಆಗದೆಂದರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ರಾಜೀನಾಮೆ ಕೊಟ್ಟರು. ಆ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. 2017ರಲ್ಲಿ ಆ ತೀರ್ಪನ್ನು ಗಂಭೀರ ದೋಷದ್ದೆಂದು ಬರೆದು ತಳ್ಳಿಹಾಕಿದವರು ಅವರ ಮಗ ಡಿ.ವೈ. ಚಂದ್ರಚೂಡ್. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬೇಕಿಲ್ಲವೆಂಬ ನಮ್ಮ ಗಾದೆ ಇಷ್ಟು ಅಕ್ಷರಶಃ ನಡೆದುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದರಿಂದ ನ್ಯಾಯಾಲಯದ ಮೇಲಿನ ನಂಬಿಕೆ ಕುಂದಿತೇ? ನನ್ನದಂತೂ ಹೆಚ್ಚಿತು.

ಈ ಎಣಿಕೆಯ ರೋಗ ಖಾಸಗಿತನದೊಂದಿಗೆ ಮುಗಿಯಲಿಲ್ಲ. ಬೆಂಗಳೂರು ಜಲಮಂಡಳಿಯ ಮೊಕದ್ದಮೆಯಲ್ಲಿ 1978ರಲ್ಲಿ ಏಳು ಮಂದಿಯ ಪೀಠ ‘ಉದ್ಯಮ’ ಎಂಬ ಪದಕ್ಕೆ ವಿಶಾಲ ಅರ್ಥ ಕೊಟ್ಟಿತು. ಕಾರ್ಮಿಕ ಕಾನೂನಿನ ರಕ್ಷಣೆ ಯಾರಿಗುಂಟು ಯಾರಿಗಿಲ್ಲ ಎಂಬುದು ಅದರ ಮೇಲೆ ನಿಂತಿತ್ತು. 2005ರಲ್ಲಿ ಐವರ ಪೀಠ ಅದನ್ನು ಮರುಪರಿಶೀಲಿಸಬೇಕೆಂದು ಮೇಲಕ್ಕೆ ಕಳಿಸಿತು. ಹನ್ನೆರಡು ವರ್ಷಗಳ ನಂತರ, 2017ರಲ್ಲಿ, ಏಳು ಮಂದಿ ಕುಳಿತರು. ಕುಳಿತು, ಏಳು ಮಂದಿಯ ತೀರ್ಪಿಗೆ ಏಳು ಮಂದಿ ಸಾಲದು, ಒಂಬತ್ತು ಮಂದಿ ಬೇಕೆಂದು ಎದ್ದರು.

ಆದ್ದರಿಂದ ವಕೀಲ ಶಿಷ್ಯನೇ, ನೀನು ಹಳೆಯ ತೀರ್ಪೊಂದನ್ನು ಓದಿ ಹೇಳುವಾಗ ಪೀಠದಲ್ಲಿ ಎಷ್ಟು ಮಂದಿ ಇದ್ದರೆಂಬುದನ್ನು ಆಮೇಲೆ ಹೇಳು. ಅವರ ಮುಂದಿದ್ದ ಪ್ರಶ್ನೆ ಯಾವುದು, ಅದಕ್ಕೆ ಅವರು ಕೊಟ್ಟ ಕಾರಣ ಯಾವುದು, ಯಾವುದು ಹಾದುಹೋದ ಮಾತು ಎಂಬುದನ್ನು ಮೊದಲು ಹೇಳು. ನಿನ್ನ ಪತ್ರದಲ್ಲಿ ಆರು ತೀರ್ಪುಗಳ ಹೆಸರಿವೆ, ಒಂದರ ಕಾರಣವೂ ಇಲ್ಲ. ಮುಂದಿನ ಪತ್ರದಲ್ಲಿ ಬರೆ. ಅದನ್ನೂ ಇಲ್ಲಿ ಪ್ರಕಟಿಸುತ್ತೇನೆ.